ಸೀನು, ಕಂದ, ಒನ್ಸ್ ಮೋರ್

ವರ್ಷಕ್ಕೊಂದು ದಿನ ವೀರನಹೊಸಹಳ್ಳಿಯ ಹೆಸರು ಕನ್ನಡದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ನಾಗರಹೊಳೆ ಕಾಡಿನ ಬಾಗಿಲಲ್ಲಿರುವ ಹುಣಸೂರು ತಾಲ್ಲೂಕಿನ ಈ ಊರಿನಿಂದ ದಸರಾ ಆನೆಗಳು ಮೈಸೂರಿಗೆ ಹೊರಡುವ ದಿನ ಅದು. ಮಾವುತರು, ಮಂತ್ರಿಗಳು, ಪೂರ್ಣಕುಂಭ, ಆನೆಗಳಿಗೆ ಕಬ್ಬು-ಬೆಲ್ಲ, ಎದುರಿಗೆ ಕ್ಯಾಮೆರಾಗಳ ಸಾಲು. ಮರುದಿನದ ತಲೆಬರಹ ಹೆಚ್ಚುಕಡಿಮೆ ಒಂದೇ: ಗಜಪಯಣದೊಂದಿಗೆ ದಸರೆಗೆ ನಾಂದಿ.

ನಾಂದಿ ನಾಟಕದ ಮಾತು. ಭರತನ ನಾಟ್ಯಶಾಸ್ತ್ರದಲ್ಲಿ ನಾಟಕ ಶುರುವಾಗುವ ಮುನ್ನ ಪೂರ್ವರಂಗ ಎಂಬ ದೊಡ್ಡ ವಿಧಿಯಿದೆ. ಅದರೊಳಗೆ ಎಂಟೋ ಹನ್ನೆರಡೋ ಪದಗಳ ಮಂಗಳ ಪದ್ಯವೊಂದನ್ನು ಸೂತ್ರಧಾರ ಹೇಳಬೇಕು. ಅದು ನಾಂದಿ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಯಾವ ಹಳ್ಳಿಯಲ್ಲೇ ಆಗಲಿ, ಹೊಗೆಸೊಪ್ಪಿನ ದುಡ್ಡು ಕೈಸೇರಿದ ಮೇಲೆ ಊರಬ್ಬಕ್ಕೆ ‘ಕುರುಕ್ಷೇತ್ರ’ ಕಟ್ಟಿದವರು ನಾಂದಿ ಹಾಡುವುದಿಲ್ಲ. ಅವರು ಮಾಡುವುದು ‘ಪ್ರಾರ್ಥನೆ’. ಗಣಪನಿಗೊಂದು, ಶಾರದೆಗೊಂದು, ಆಮೇಲೆ ‘ಸೀನ್ ಎತ್ತು’.

ಅಂದರೆ ನಾಟಕದ ಮಾತು ಪತ್ರಿಕೆಗೆ ಬಂತು, ನಾಟಕದ ಚಪ್ಪರದಲ್ಲಿ ಉಳಿಯಲಿಲ್ಲ. ನಾಂದಿಯೊಂದರದೇ ಕಥೆಯಲ್ಲ ಇದು. ಸಂಸ್ಕೃತದಿಂದ ಬಂದ ರಂಗಪದಗಳಲ್ಲಿ ಬಹುಪಾಲು ಇವತ್ತು ದುಡಿಯುತ್ತಿರುವುದು ರಾಜಕೀಯ ವರದಿಗಳಲ್ಲಿ, ಅಪರಾಧ ಸುದ್ದಿಗಳಲ್ಲಿ. ರಂಗದ ಮೇಲೆ ಹಗ್ಗ ಎಳೆಯುವವರ, ಬಣ್ಣ ಬಳಿಯುವವರ, ಪೆಟ್ಟಿಗೆ ನುಡಿಸುವವರ ಬಾಯಲ್ಲಿರುವ ಮಾತೇ ಬೇರೆ. ಯಾವ ಸಾಮಾನನ್ನು ಯಾರು ತಂದರೋ ಆ ಸಾಮಾನಿನ ಜೊತೆ ಅವರ ಮಾತೂ ಬಂತು, ಹಾಗೇ ನಿಂತಿತು. ನಮ್ಮ ಹಳ್ಳಿ ನಾಟಕದವರ ಇಂಗ್ಲಿಷನ್ನು ಕೇಳಿ ನಗುವವರು ಈ ಲೆಕ್ಕವನ್ನು ನೋಡಿರುವುದಿಲ್ಲ.

ಸೂತ್ರಧಾರನನ್ನೇ ತೆಗೆದುಕೊಳ್ಳಿ. ಕಳ್ಳಸಾಗಣೆಯ ಸೂತ್ರಧಾರ, ಹಗರಣದ ಸೂತ್ರಧಾರ ಎಂದು ದಿನಾ ಓದುತ್ತೇವೆ. ತೆರೆಯ ಹಿಂದೆ ಕೂತು ದಾರ ಎಳೆದು ಬೊಂಬೆ ಆಡಿಸುವವನ ಚಿತ್ರ ನಮ್ಮ ಮನಸ್ಸಿನಲ್ಲಿರುತ್ತದೆ. ವಿದ್ವಾಂಸರಲ್ಲೂ ಒಂದು ಗುಂಪು ಈ ಪದ ಸೂತ್ರದ ಬೊಂಬೆಯಾಟದಿಂದಲೇ ಬಂತು ಎನ್ನುತ್ತದೆ. ಇನ್ನೊಂದು ಗುಂಪಿನ ಪ್ರಕಾರ ಅದು ನೆಲ ಅಳೆಯುವ ದಾರ. ನನಗೆ ಎರಡನೆಯದೇ ಹಿಡಿಸುತ್ತದೆ. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ನಾಟಕಶಾಲೆಗೆ ಜಾಗ ಅಳೆಯುವ ದಾರದ ಬಗ್ಗೆ ಇರುವ ಕಟ್ಟುನಿಟ್ಟು ನೋಡಿದರೆ ಯಾರಿಗಾದರೂ ಹಾಗನ್ನಿಸಬೇಕು. ದಾರ ಹತ್ತಿಯದೋ ಮುಂಜ ಹುಲ್ಲಿನದೋ ಮರದ ನಾರಿನದೋ ಆಗಿರಬೇಕು, ಅಳೆಯುವಾಗ ಹರಿಯಬಾರದು. ಅರ್ಧಕ್ಕೆ ಹರಿದರೆ ಯಜಮಾನನಿಗೆ ಸಾವು, ಮೂರನೇ ಒಂದು ಭಾಗದಲ್ಲಿ ಹರಿದರೆ ದೇಶಕ್ಕೆ ಕೇಡು, ಕಾಲುಭಾಗದಲ್ಲಿ ಹರಿದರೆ ನಾಟಕ ಆಡಿಸುವವನೇ ಹಾಳು. ಪೆಂಡಾಲಿನವರಿಗೆ ಇಂಥ ಷರತ್ತು ಹಾಕಿದರೆ ಈಗ ಯಾರೂ ಗೂಟ ಹೊಡೆಯಲು ಬರುವುದಿಲ್ಲ.

ನೇಪಥ್ಯದ ಪಾಡು ಇನ್ನೂ ತಮಾಷೆಯದು. ಸೋತ ನಾಯಕರು ‘ನೇಪಥ್ಯಕ್ಕೆ ಸರಿದರು’ ಎಂದು ಬರೆಯುತ್ತೇವೆ, ಮುಗಿದುಹೋದರು ಎಂಬ ಅರ್ಥದಲ್ಲಿ. ನಾಟಕದಲ್ಲಿ ನೇಪಥ್ಯವೆಂದರೆ ವೇಷ ಕಟ್ಟಿಕೊಳ್ಳುವ ಕೋಣೆ. ವೇಷಕ್ಕೂ ಅದೇ ಹೆಸರು. ಅಲ್ಲಿಗೆ ಹೋದವನು ಬೇರೆ ಬಣ್ಣ ಬಳಿದುಕೊಂಡು ವಾಪಸು ಬರುತ್ತಾನೆ. ನಮ್ಮ ನಾಯಕರ ಮಟ್ಟಿಗೆ ಮೂಲ ಅರ್ಥವೇ ಸರಿ ಎನ್ನಿ.

ಆನೆಗಳ ಊರಿಗೆ ಸಲ್ಲಬೇಕಾದ ಒಂದು ಪದವೂ ಅದೇ ಶಾಸ್ತ್ರದಲ್ಲಿದೆ: ಮತ್ತವಾರಣಿ. ಭರತ ಹೇಳುವ ಮಧ್ಯಮ ಅಳತೆಯ ನಾಟಕಶಾಲೆ 64 ಮೊಳ ಉದ್ದ, 32 ಮೊಳ ಅಗಲ. ಅದರಲ್ಲಿ ಅರ್ಧ ನೋಡುವವರಿಗೆ, ಉಳಿದರ್ಧ ಆಡುವವರಿಗೆ. ಆಡುವ ಜಾಗದ ಎರಡೂ ಮಗ್ಗುಲಿಗೆ ನಾಲ್ಕು ಕಂಬದ, ಒಂದೂವರೆ ಮೊಳ ಎತ್ತರದ ಮತ್ತವಾರಣಿ ಇರಬೇಕು. ಮತ್ತವಾರಣವೆಂದರೆ ಮದವೇರಿದ ಆನೆ. ರಂಗದ ಪಕ್ಕದಲ್ಲಿ ಮದ್ದಾನೆಗೆ ಏನು ಕೆಲಸ? ಅಲ್ಲಿ ಆನೆಗಳ ಸಾಲನ್ನು ಕೆತ್ತುತ್ತಿದ್ದರು ಎಂಬವರುಂಟು. ವಾರಣಕ್ಕೆ ತಡೆಯುವುದು ಎಂಬ ಅರ್ಥವೂ ಇರುವುದರಿಂದ, ಕುಡಿದು ನುಗ್ಗುವವರನ್ನು ತಡೆಯುವ ಕಟಕಟೆ ಅದು ಎಂಬವರೂ ಉಂಟು. ದೇವಸ್ಥಾನದ ಮುಖಮಂಟಪದಲ್ಲಿ ಒರಗಿ ಕೂರಲು ಇರುವ ಕಲ್ಲಿನ ಜಗಲಿಯ ಒರಗನ್ನೂ ವಾಸ್ತುಶಾಸ್ತ್ರ ಮತ್ತವಾರಣವೆಂದೇ ಕರೆಯುತ್ತದೆ. ಹಳ್ಳಿಯ ಊರಬ್ಬದ ರಾತ್ರಿ ಮೂರು ಗಂಟೆಯ ಹೊತ್ತಿಗೆ ರಂಗದ ಪಕ್ಕ ಏನೇನು ನಡೆಯುತ್ತದೆಂದು ಬಲ್ಲವರಿಗೆ ಎರಡನೇ ವಾದವೇ ನಿಜ ಅನ್ನಿಸಿದರೆ ಆಶ್ಚರ್ಯವಿಲ್ಲ. ಆ ಜಾಗದಲ್ಲಿ ಈಗ ನಿಂತಿರುವುದು ‘ಸೈಡ್ ವಿಂಗು’. ಆನೆ ಹೋಗಿ ರೆಕ್ಕೆ ಬಂತು. ಆನೆ ರಂಗದ ಮೇಲೆ ಬಂದದ್ದೂ ಉಂಟು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕಾಲಕ್ಕೆ ಗುಬ್ಬಿ ಕಂಪನಿಯೆಂದು ಹೆಸರಾಗಿ, 1930ರ ದಶಕದಲ್ಲಿ ‘ಕುರುಕ್ಷೇತ್ರ’ ಆಡಿದಾಗ ನಿಜವಾದ ಆನೆ ಕುದುರೆಗಳನ್ನೇ ನಿಲ್ಲಿಸಿತ್ತು.

ರಂಗದ ಎದುರು ಇಳಿಬೀಳುವ ಬಟ್ಟೆಯೊಂದಕ್ಕೇ ನಮ್ಮಲ್ಲಿ ನಾಲ್ಕು ಹೆಸರು. ಈ ನಾಲ್ಕನ್ನು ಸಾಲಾಗಿ ಇಟ್ಟರೆ ಕರ್ನಾಟಕದ ರಂಗಭೂಮಿಯ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲನೆಯದು ತೆರೆ. ಅಚ್ಚಕನ್ನಡ. ಯಕ್ಷಗಾನದಲ್ಲಿ, ನಮ್ಮ ಬಯಲುಸೀಮೆಯ ಮೂಡಲಪಾಯದಲ್ಲಿ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ಬಟ್ಟೆ. ಕೇರಳದ ಕಥಕಳಿಯಲ್ಲೂ ಅದು ‘ತಿರಶ್ಶೀಲ’. ‘ತಿರ’ ನಮ್ಮ ತೆರೆಯೇ. ಈ ತೆರೆಗೆ ಕಂಬ ಬೇಡ, ರಾಟೆ ಬೇಡ, ಕಟ್ಟಡ ಬೇಡ. ಬಯಲಾಟಕ್ಕೆ ಬೇಕಾದಷ್ಟೇ ಸಾಮಾನು. ಪಾತ್ರ ಮೊದಲು ಕಿರೀಟ ತೋರಿಸಿ, ಆಮೇಲೆ ಕಾಲು ತೋರಿಸಿ, ನೋಡುವವರನ್ನು ಕಾಡಿಸಿ ಕಾಡಿಸಿ ಕೊನೆಗೆ ಪೂರ್ತಿ ಕಾಣಿಸಿಕೊಳ್ಳುವ ಆಟವೆಲ್ಲ ಈ ಕೈತೆರೆಯಿಂದ ಹುಟ್ಟಿದ್ದು.

ಎರಡನೆಯದು ಯವನಿಕೆ, ಹಳಗನ್ನಡದ ಬಾಯಲ್ಲಿ ಜವನಿಕೆ. ಯವನ ಎಂಬುದನ್ನು ಹಿಡಿದುಕೊಂಡು ನಮ್ಮ ನಾಟಕ ಗ್ರೀಕರಿಂದ ಬಂತು ಎಂದು 19ನೇ ಶತಮಾನದ ಯುರೋಪಿನ ಪಂಡಿತರು ವಾದ ಹೂಡಿದರು. ಆ ವಾದಕ್ಕೆ ತೊಡಕಾದದ್ದು ಗ್ರೀಕರೇ: ಅವರ ಪ್ರಾಚೀನ ಬಯಲು ರಂಗಮಂದಿರದಲ್ಲಿ ಮುಂಪರದೆಯೇ ಇರಲಿಲ್ಲ. ಯವನರ ದೇಶದಿಂದ ಬಂದ ಬಟ್ಟೆಯಾದ್ದರಿಂದ ಆ ಹೆಸರು ಎಂದರು ಕೆಲವರು. ಮೂಲ ರೂಪವೇ ಜವನಿಕೆ, ಬೇಗ ಸರಿಯುವಂಥದ್ದು ಎಂದರು ಇನ್ನು ಕೆಲವರು. ಪದ ಮಾತ್ರ ಪುಸ್ತಕದಲ್ಲೇ ಉಳಿಯಿತು.

ಮೂರನೆಯದು ಪರದೆ. ಪಾರಸಿ ಮಾತು, ತಂದವರು ಬಹುಪಾಲು ಪಾರ್ಸಿಗಳು. 1850ರ ದಶಕದಲ್ಲಿ ಮುಂಬಯಿಯಲ್ಲಿ ಶುರುವಾದ ಪಾರ್ಸಿ ನಾಟಕ ಕಂಪನಿಗಳು ಚೌಕಟ್ಟಿನ ರಂಗ, ಬಣ್ಣದ ಪರದೆ, ರಾಟೆ, ಮಾಯಾದೃಶ್ಯಗಳನ್ನು ಹೊತ್ತು ಊರೂರು ಸುತ್ತಿದವು. ಸಾಂಗ್ಲಿಯ ಮರಾಠಿ ಮಂಡಳಿಗಳೂ ಕನ್ನಡನಾಡಿಗೆ ಬಂದವು. ಇದರಲ್ಲೊಂದು ತಿರುವು ಇದೆ. ಸಾಂಗ್ಲಿಯ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿ ಮರಾಠಿ ರಂಗಭೂಮಿಗೆ ದಾರಿ ಮಾಡಿದ್ದು ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟ ನೋಡಿದ ಮೇಲೆ. ನಮ್ಮ ಮೇಳ ಅಲ್ಲಿಗೆ ಹೋಗಿ, ಕಂಪನಿಯಾಗಿ, ಪರದೆ ಕಟ್ಟಿಕೊಂಡು ನಮ್ಮಲ್ಲಿಗೇ ಬಂತು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ಕಂಪನಿ ಎದ್ದಾಗ ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದರು. ಹಸ್ತಪ್ರತಿಯಲ್ಲಿ ಕಾಳಿದಾಸನ ನಾಂದಿ, ವಿದೂಷಕ, ನೇಪಥ್ಯ. ರಂಗದ ಮೇಲೆ ಪರದೆ, ವಿಂಗು, ಹಾರ್ಮೋನಿಯಂ. ಮೈಸೂರು ಆಸ್ಥಾನಕ್ಕೆ ಆ ಸಂಸ್ಕೃತ ಮಾತುಗಳು ಹಳೆಯ ನೆಂಟರು. ಈಗ ಸಿಕ್ಕಿರುವ ಕನ್ನಡದ ಮೊದಲ ನಾಟಕ, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಚಿಕ್ಕದೇವರಾಜ ಒಡೆಯರ ಕಾಲದ್ದು, ಹರ್ಷನ ‘ರತ್ನಾವಳಿ’ಯ ಜಾಡಿನದು. ಅರಮನೆಯ ಕಂಪನಿಯಲ್ಲಿ ಎರಡು ಪದಕೋಶಗಳು ಒಂದೇ ಮಾಡಿನಡಿ ಇದ್ದವು. ಜನ ನೋಡಿ ಕಲಿತದ್ದು ರಂಗದ ಮೇಲಿದ್ದುದನ್ನು.

ನಾಲ್ಕನೆಯದು ಸೀನು. ಹಳ್ಳಿಯವರು ‘ಸೀನ್ ಎತ್ತು’, ‘ಸೀನ್ ಬಿಡು’ ಎಂದಾಗ ದೃಶ್ಯದ ಮಾತಲ್ಲ ಅದು, ಬಟ್ಟೆಯ ಮಾತು. ಮೈಸೂರಿನಿಂದಲೋ ಮಂಡ್ಯದಿಂದಲೋ ಬಾಡಿಗೆಗೆ ಲಾರಿಯಲ್ಲಿ ಬರುವ ಪರದೆ, ಕಂಬ, ಸಿಂಹಾಸನ, ರಥ, ಡ್ರೆಸ್ಸು ಎಲ್ಲ ಸೇರಿ ‘ಸೀನರಿ’. ಅದನ್ನು ತರುವವರು ಸೀನರಿಯವರು. ಗ್ರೀಕಿನಲ್ಲಿ ಸ್ಕೀನೆ ಎಂದರೆ ಡೇರೆ; ಆಡುವ ಬಯಲಿನ ಹಿಂದೆ ನಟರು ವೇಷ ಬದಲಿಸಲು ಇದ್ದ ಗುಡಾರ. ಆಮೇಲೆ ಆ ಗುಡಾರ ಮರದ್ದಾಯಿತು, ಕಲ್ಲಿನದಾಯಿತು, ಅದರ ಮುಂಗೋಡೆಯೇ ಹಿನ್ನೆಲೆಯಾಯಿತು. ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ದಾಟಿ ಮುಂಬಯಿಗೆ ಬಂದು ಅಲ್ಲಿಂದ ನಮ್ಮಲ್ಲಿಗೆ ಬರುವ ಹೊತ್ತಿಗೆ ನೇಪಥ್ಯವಾಗಿದ್ದದ್ದು ನೇಪಥ್ಯವನ್ನು ಮುಚ್ಚುವ ಬಟ್ಟೆಯಾಗಿತ್ತು.

ಸೀನುಗಳಲ್ಲಿ ಜಾತಿಗಳಿವೆ: ದರ್ಬಾರ್ ಸೀನು, ಗಾರ್ಡನ್ ಸೀನು, ಕಾಡಿನ ಸೀನು, ರೋಡ್ ಸೀನು. ಕಾಡಿನ ಸೀನು ನೋಡಿದಾಗೆಲ್ಲ ನನಗೆ ನಗು. ಹಿಂದೆ ನಾಗರಹೊಳೆಯ ನಿಜವಾದ ಕಾಡು ಇರುತ್ತದೆ, ಮುಂದೆ ಪಾಂಡವರಿಗೆ ವನವಾಸಕ್ಕೆ ಬಾಡಿಗೆಯ ಕಾಡು. ಇದೇ ಕಾಡಂಚಿನ ಕುರುಬರ ಕಥೆಯನ್ನು ಮಾಸ್ತಿಯವರು ‘ಕಾಕನಕೋಟೆ’ ನಾಟಕವಾಗಿ ಬರೆದರು, ಸಿ.ಆರ್. ಸಿಂಹ 1977ರಲ್ಲಿ ಅದನ್ನು ಸಿನಿಮಾ ಮಾಡಿದರು. ನಮ್ಮ ಹಳ್ಳಿ ರಂಗಕ್ಕೆ ಮಾತ್ರ ಬೇಕಾದದ್ದು ಹಸ್ತಿನಾವತಿ.

ರೋಡ್ ಸೀನಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ದ್ವಾಪರಯುಗದಲ್ಲಿ ರೋಡು ಎಲ್ಲಿತ್ತು ಎಂದು ಗೇಲಿ ಮಾಡುವವರಿದ್ದಾರೆ. ಅದು ಅಲ್ಲಿರುವುದು ಕಥೆಗಾಗಿ ಅಲ್ಲ, ಬಡಗಿಗಾಗಿ. ದರ್ಬಾರಿನ ಸಿಂಹಾಸನ, ಮೆಟ್ಟಿಲು, ಕಂಬಗಳನ್ನು ಜೋಡಿಸಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಜನ ಎದ್ದು ಹೋಗಬಾರದು. ಆದ್ದರಿಂದ ರಂಗದ ಮುಂಭಾಗದಲ್ಲೇ ಬೀದಿಯ ಪರದೆಯೊಂದನ್ನು ಇಳಿಬಿಟ್ಟು, ಅದರ ಮುಂದಿನ ನಾಲ್ಕಡಿ ಜಾಗದಲ್ಲಿ ಇಬ್ಬರು ಮಾತಾಡುತ್ತಿರಬೇಕು. ಹಿಂದೆ ಸುತ್ತಿಗೆಯ ಸದ್ದು ಕೇಳದ ಹಾಗೆ ಜೋರಾಗಿಯೇ ಮಾತಾಡಬೇಕು. ಪಾರ್ಸಿ ಕಂಪನಿಗಳು ಇಂಗ್ಲೆಂಡಿನ ರಂಗದಿಂದ ಕಲಿತ ಉಪಾಯ ಇದು: ಒಂದು ಆಳದ ದೃಶ್ಯ, ಒಂದು ತೆಳು ದೃಶ್ಯ, ಮತ್ತೆ ಆಳದ್ದು. ಕಂಪನಿ ನಾಟಕದಲ್ಲಿ ಮೂಲ ಕಥೆಗೆ ಸಂಬಂಧವೇ ಇಲ್ಲದ ಹಾಸ್ಯದ ಪ್ರಸಂಗ ನಡುನಡುವೆ ನುಗ್ಗುತ್ತಿದ್ದುದಕ್ಕೆ ದೊಡ್ಡ ಕಾರಣ ಈ ರೋಡ್ ಸೀನು. ನಾಟಕಕಾರನಿಗೆ ಶಿಲ್ಪ ಗೊತ್ತಿರಲಿಲ್ಲವೆಂದು ವಿಮರ್ಶಕರು ಬೈದರು. ಪಾಪ, ಹಿಂದೆ ಸಿಂಹಾಸನ ಇನ್ನೂ ನಿಂತಿರಲಿಲ್ಲ. ಆ ನಾಲ್ಕಡಿಯಲ್ಲಿ ಬೆಳೆದವನೇ ಬಫೂನು. ಕೆನ್ನೆ ಉಬ್ಬಿಸುವುದು ಎಂಬರ್ಥದ ಇಟಾಲಿಯನ್ ಮಾತಿನಿಂದ ಹುಟ್ಟಿದ ಹೆಸರು. ಕೆನ್ನೆ ಉಬ್ಬಿಸುವುದನ್ನು ನಮ್ಮ ಬಫೂನರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಮಾನು ಬದಲಾದರೂ ಜಾಗ ಬದಲಾಗದ ಉದಾಹರಣೆಯೂ ಇದೆ. ಬಯಲಾಟದಲ್ಲಿ ಭಾಗವತ ಕಥೆ ನಡೆಸುತ್ತಿದ್ದ. ಈಗ ರಂಗದ ಕೆಳಗೆ ಒಂದು ಮಗ್ಗುಲಲ್ಲಿ ಲೆಗ್ ಹಾರ್ಮೋನಿಯಂ ಮುಂದೆ ಡ್ರಾಮಾ ಮೇಷ್ಟ್ರು ಕೂತಿರುತ್ತಾರೆ. ಶ್ರುತಿ ಕೊಡುವವರು ಅವರು, ಮರೆತ ಮಾತು ಎತ್ತಿಕೊಡುವವರು ಅವರು, ಆರು ತಿಂಗಳು ಪ್ರಾಕ್ಟೀಸು ಮಾಡಿಸಿದವರೂ ಅವರೇ. ಪ್ಯಾರಿಸಿನ ದೆಬೈ ಎಂಬಾತ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತುವ ಪೆಟ್ಟಿಗೆ ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚುಕಡಿಮೆ ಮರೆತೇಹೋಗಿದೆ, ನಮ್ಮ ಹಳ್ಳಿಯ ಧರ್ಮರಾಯನಿಗೆ ಇನ್ನೂ ಅದೇ ಬೇಕು.

ಮೇಷ್ಟ್ರು ಕಲಿಸುವುದು ‘ಕಂದ’ವನ್ನು. ಪಾತ್ರಧಾರಿಗಳ ನಡುವೆ ಇರುವ ಪ್ರಶ್ನೆಯೇ ‘ನಿಂಗೆಷ್ಟು ಕಂದ ಐತೆ?’ ಎನ್ನುವುದು. ಕಂದವೆಂದರೆ 9ನೇ ಶತಮಾನದ ‘ಕವಿರಾಜಮಾರ್ಗ’ದ ಬಹುಪಾಲು ಪದ್ಯಗಳ ಛಂದಸ್ಸು. ಪ್ರಾಕೃತದಿಂದ ಬಂದು ಕನ್ನಡದಲ್ಲಿ ಬೇರುಬಿಟ್ಟಿದ್ದು. ಕಾಲೇಜಿನ ಪರೀಕ್ಷೆ ಬಿಟ್ಟರೆ ಬೇರೆಲ್ಲೂ ಕಾಣದ ಈ ಮಾತು ಟ್ರ್ಯಾಕ್ಟರ್ ಓಡಿಸುವವರ ಬಾಯಲ್ಲಿ, ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತವರ ಬಾಯಲ್ಲಿ ಸಲೀಸಾಗಿ ಓಡಾಡುತ್ತದೆ. ಜೊತೆಗೆ ತೆಲುಗಿನಿಂದ ಬಂದ ಸೀಸಪದ್ಯವಿದೆ, ವೃತ್ತವಿದೆ, ಹಾಡುಗಳ ತಲೆಯ ಮೇಲೆ ಅಚ್ಚಾಗುವ ‘ಮಟ್ಟು’ ಇದೆ; ಇಂಥ ಹಾಡಿನ ಧಾಟಿಯಲ್ಲಿ ಇದನ್ನು ಹಾಡು ಎಂಬ ಸೂಚನೆ ಅದು. ಕಂದ ಮುಗಿದು ಆಲಾಪ ಮೇಲಕ್ಕೇರಿದಾಗ ಚಪ್ಪರದ ಹಿಂದಿನಿಂದ ಏಳುವ ಕೂಗು ‘ಒನ್ಸ್ ಮೋರ್’. ಇಂಗ್ಲೆಂಡಿನ ಪ್ರೇಕ್ಷಕ ಹಾಗೆ ಕೂಗುವುದಿಲ್ಲ, ಫ್ರೆಂಚಿನಿಂದ ಎತ್ತಿಕೊಂಡ ‘ಆಂಕೋರ್’ ಎನ್ನುತ್ತಾನೆ. ಫ್ರೆಂಚರು ಅದನ್ನೂ ಬಿಟ್ಟು ಲ್ಯಾಟಿನ್ನಿನ ‘ಬಿಸ್’ ಎನ್ನುತ್ತಾರೆ. ಪಕ್ಕಾ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕೇಳುವವರು ನಮ್ಮ ಕಡೆಯವರು.

ಪಾತ್ರಕ್ಕೆ ಹಳ್ಳಿಯಲ್ಲಿ ‘ಪಾರ್ಟು’ ಎನ್ನುತ್ತಾರೆ. ಇದು ಸಡಿಲ ಇಂಗ್ಲಿಷ್ ಅಲ್ಲ, ಷೇಕ್ಸ್‌ಪಿಯರನ ಕಾಲದ ನಿಖರವಾದ ರಂಗಪದ. ಆಗ ನಟನ ಕೈಗೆ ಪೂರ್ತಿ ನಾಟಕ ಸಿಗುತ್ತಿರಲಿಲ್ಲ. ಅವನ ಮಾತುಗಳನ್ನಷ್ಟೇ, ಹಿಂದಿನವನ ಕೊನೆಯ ಎರಡು ಮೂರು ಪದಗಳ ಸಮೇತ, ಉದ್ದನೆಯ ಕಾಗದದಲ್ಲಿ ಬರೆದು ಸುರುಳಿ ಮಾಡಿ ಕೊಡುತ್ತಿದ್ದರು. ಆ ಭಾಗವೇ ಪಾರ್ಟು, ಆ ಸುರುಳಿಯೇ ರೋಲು. ಎಡ್ವರ್ಡ್ ಆಲೆನ್ ಎಂಬ ನಟನ ಅಂಥ ಒಂದು ಪ್ರತಿ ಲಂಡನ್ನಿನ ಡಲಿಚ್ ಕಾಲೇಜಿನಲ್ಲಿ ಇಂದಿಗೂ ಇದೆ. ನಮ್ಮ ಶಕುನಿ ಸುರುಳಿಯ ಬದಲು ನೂರು ಪುಟದ ನೋಟ್‌ಬುಕ್ಕಿನಲ್ಲಿ ತನ್ನ ಮಾತನ್ನು ಬರೆದುಕೊಂಡು, ಎದುರಾಳಿಯ ಕೊನೆಯ ಮಾತಿಗೆ ಕೆಂಪು ಶಾಯಿಯ ಗೆರೆ ಎಳೆದುಕೊಂಡಿರುತ್ತಾನೆ.

ಪಾರ್ಟಿಗೆ ದುಡ್ಡು ಪಡೆಯುವುದಿಲ್ಲ, ಕೊಡುತ್ತಾರೆ. ಸೀನರಿ, ಮೇಷ್ಟ್ರು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದವರ ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುವುದರಿಂದ ದುರ್ಯೋಧನನಿಗೊಂದು ದರ, ವಿದುರನಿಗೊಂದು ದರ. ಕೃಷ್ಣನಾಗಬೇಕೆನ್ನುವವರು ಮೂವರಿದ್ದರೆ ಮೂವರೂ ಕೃಷ್ಣರೇ. ಪೋಸ್ಟರಿನಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ಫೋಟೊ ಸಮೇತ ಹೆಸರು. ಒಬ್ಬ ರಾಯಭಾರಕ್ಕೆ ಹೊರಟರೆ ಮತ್ತೊಬ್ಬ ಗೀತೆ ಹೇಳುತ್ತಾನೆ. ಎತ್ತರ, ಬಣ್ಣ, ಮೀಸೆ ಯಾವುದೂ ಹೊಂದುವುದಿಲ್ಲ, ಜನರಿಗೆ ಅದು ಅಡ್ಡಿಯೂ ಆಗುವುದಿಲ್ಲ. ನಗುವ ಮುಂಚೆ ಪಂಪನ ‘ಆದಿಪುರಾಣ’ ನೆನೆಯಿರಿ. ಆದಿದೇವನ ಮುಂದೆ ಕುಣಿಯುತ್ತಿದ್ದ ನೀಲಾಂಜನೆ ನಡುವೆಯೇ ಆಯುಸ್ಸು ತೀರಿ ಮಾಯವಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಆ ಕ್ಷಣವೇ ಅವಳಂಥವಳೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆಲ್ಲ ಗೊತ್ತಾಗುವುದಿಲ್ಲ, ಒಬ್ಬನಿಗೆ ಗೊತ್ತಾಗುತ್ತದೆ, ಅವನು ವೈರಾಗ್ಯ ಹಿಡಿಯುತ್ತಾನೆ. ಎರಡನೇ ನೀಲಾಂಜನೆ ಎಂಬ ಪದ ಪಂಪನಿಗೆ ಹೊಳೆದಿರಲಿಲ್ಲ, ಅಷ್ಟೆ.

ದೀಪಗಳ ಕಥೆ ಚಿಕ್ಕದು. ಪಂಜು, ದೊಂದಿಗಳ ನಂತರ ಬಂದ ‘ಗ್ಯಾಸ್‌ಲೈಟು’ ಗ್ಯಾಸಿನದಲ್ಲ, ಸೀಮೆಎಣ್ಣೆಯ ಆವಿಯದು. ಬರ್ಲಿನ್ನಿನ ಕಂಪನಿಯೊಂದರ ಮ್ಯಾಕ್ಸ್ ಗ್ರೇಟ್ಸ್ ಎಂಬಾತನ ಹೆಸರು ಅಂಟಿಕೊಂಡು ಪೆಟ್ರೋಮ್ಯಾಕ್ಸ್ ಆದದ್ದು. ಜನಪ್ರಿಯರಾದವರು ‘ಲೈಮ್‌ಲೈಟಿಗೆ ಬಂದರು’ ಎನ್ನುವಾಗ 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ನಿಜವಾದ ಸುಣ್ಣದ ತುಂಡನ್ನು ಆಮ್ಲಜನಕ, ಜಲಜನಕದ ಉರಿಯಲ್ಲಿ ಕಾಯಿಸಿ ಬೆಳಕು ಮಾಡಿದ್ದು ಯಾರಿಗೂ ನೆನಪಾಗುವುದಿಲ್ಲ. ಬಣ್ಣದ ಕಾಗದ ತಿರುಗಿಸುವ ಹುಡುಗ ‘ಫೋಕಸ್’ ಬಿಡುತ್ತಾನೆ. ಲ್ಯಾಟಿನ್ನಿನಲ್ಲಿ ಫೋಕಸ್ ಎಂದರೆ ಒಲೆ. ಕಿರಣಗಳು ಕೂಡಿ ಸುಡುವ ಬಿಂದುವಿಗೆ ಆ ಹೆಸರಿಟ್ಟವನು ಕೆಪ್ಲರ್, 1604ರಲ್ಲಿ.

ಇತ್ತ ನಗರದ ಹವ್ಯಾಸಿ ತಂಡಗಳ ಕರಪತ್ರದಲ್ಲಿ ಬೇರೆಯೇ ಕನ್ನಡವಿದೆ: ರಂಗಸಜ್ಜಿಕೆ, ಪ್ರಸಾಧನ, ವಸ್ತ್ರವಿನ್ಯಾಸ, ಬೆಳಕು ವಿನ್ಯಾಸ. ರಂಗಸಜ್ಜಿಕೆ ಚೆನ್ನಾದ ಮಾತು, ನಿಂತಿದೆ. ಪ್ರಸಾಧನ ಕರಪತ್ರ ದಾಟಿಲ್ಲ; ಅದನ್ನು ಅಚ್ಚು ಹಾಕಿಸಿದವರೇ ಒಳಗೆ ಹೋಗಿ ‘ಮೇಕಪ್ ಆಯ್ತಾ’ ಎನ್ನುತ್ತಾರೆ. ಬದುಕಿದ ಹೊಸ ಮಾತುಗಳಲ್ಲಿ ಕೆಲವು ಹಳೆಯ ಮೇಳಗಳಿಂದ ಬಂದವು. ಹೆಗ್ಗೋಡಿನ ನೀನಾಸಂ 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಂಡ ಕಟ್ಟಿದಾಗ ಅದಕ್ಕೆ ಯಕ್ಷಗಾನ ಮೇಳಗಳ ಮಾತನ್ನೇ ಎತ್ತಿಕೊಂಡು ‘ತಿರುಗಾಟ’ ಎಂದಿತು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅಲ್ಲಿ ಬೇಸಿಗೆಯ ಮಕ್ಕಳ ಶಿಬಿರಕ್ಕೆ ‘ಚಿಣ್ಣರ ಮೇಳ’ ಎಂಬ ಹೆಸರು, ಬಯಲು ರಂಗಕ್ಕೆ ‘ವನರಂಗ’. ಇವನ್ನು ಯಾರೂ ಕಷ್ಟಪಟ್ಟು ನೆನಪಿಟ್ಟುಕೊಳ್ಳಬೇಕಿಲ್ಲ.

ಈಗೀಗ ಕೆಲವು ಕಡೆ ಸೀನರಿ ಲಾರಿಯ ಬದಲು ಎಲ್‌ಇಡಿ ಫಲಕಗಳು ಬರತೊಡಗಿವೆ. ಗುಂಡಿ ಒತ್ತಿದರೆ ದರ್ಬಾರು, ಮತ್ತೊತ್ತಿದರೆ ಕಾಡು. ಸಿಂಹಾಸನ ಜೋಡಿಸುವ ಹೊತ್ತು ಉಳಿಯುವುದರಿಂದ ರೋಡ್ ಸೀನಿಗೆ ಕೆಲಸವಿಲ್ಲ, ಬಫೂನನಿಗೆ ಜಾಗ ಎಲ್ಲಿ ಎಂದು ಮೇಷ್ಟ್ರುಗಳು ಯೋಚಿಸಬೇಕಾಗಿದೆ. ಎತ್ತಲು, ಬಿಡಲು, ಸುತ್ತಲು ಬಾರದ ಆ ಗೋಡೆಯನ್ನು ಪತ್ರಿಕೆಗಳು ಕರೆಯುವುದು ‘ಎಲ್‌ಇಡಿ ಪರದೆ’ ಎಂದು.